ಕೇಳದೆ ಉಳಿದ ಕಂತು

ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರು ಹೇಳುವುದು ಸುಳ್ಳು. ಮೂಗಿನ ತುದಿಯವರೆಗೆ ಹತ್ತಿ ಬರಲು ಅದಕ್ಕೆ ಪುರುಸೊತ್ತೆಲ್ಲಿ? ಅದು ಬೆರಳಲ್ಲಿತ್ತು, ಕತ್ತರಿಯಲ್ಲಿತ್ತು, ಹೊಲಿಗೆ ಯಂತ್ರದ ಪೆಡಲ್ ತುಳಿಯುವ ಕಾಲಲ್ಲಿತ್ತು. ಜಿಪ್ಪು ಕಿತ್ತುಹೋದ ಪ್ಯಾಂಟು ತಂದು "ಸ್ವಲ್ಪ ನೋಡಿ ಟೈಲರಮ್ಮ, ತಾನಾಗೇ ಹೋಯ್ತು" ಎಂದವರಿಗೆ, "ತಾನಾಗೇ ಹೋಗಕ್ಕೆ ಅದೇನು ಮನೆಗೆ ಬಂದ ನೆಂಟನಾ? ಊಟ ಕಡಿಮೆ ಮಾಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ಆದರೂ ಜನ ಅವಳ ಹತ್ತಿರವೇ ಬರುತ್ತಿದ್ದರು. ಅವಳು ಹಾಕಿದ ಕಾಜಾ, ಅಂದರೆ ಗುಂಡಿ ತೂರಿಸುವ ಆ ಸಣ್ಣ ಕಂಡಿ, ಅಂಗಿಯೇ ಹರಿದರೂ ಹರಿಯುತ್ತಿರಲಿಲ್ಲ.

ಅವಳ ಕೋಪಗಳಿಗೆಲ್ಲ ಹಿರಿಯಣ್ಣ ಎಂದರೆ ಇಲಿಗಳ ಮೇಲಿನ ಕೋಪ. ಇಲಿ ಕಂಡರೆ ಮಂಚ ಹತ್ತುವ ಹೆಂಗಸರುಂಟು. ಟೈಲರಮ್ಮ ಪೊರಕೆ ಹಿಡಿದು ಮಂಚದ ಕೆಳಗೆ ತೂರುವವಳು. ತನ್ನ ಮನೆಯ ಮೂಲೆಮೂಲೆಯಲ್ಲಿ ಬೋನಿಟ್ಟದ್ದು ಸಾಲದೆ, ಕೇಳದಿದ್ದರೂ ಪಕ್ಕದ ಮನೆಗಳಿಗೆ ಹೋಗಿ ಇಟ್ಟು ಬರುತ್ತಿದ್ದಳು. ಬಟ್ಟೆ ಕಡಿಯುತ್ತದಲ್ಲ, ಅದಕ್ಕೇ ಇರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಬಟ್ಟೆಗಾಗಿ ಅಲ್ಲ. ಬಹಳ ಹಿಂದೆ ಒಂದು ಇಲಿ ಅವಳಿಂದ ಒಂದು ಕಥೆಯ ಕೊನೆಯನ್ನು ಕಿತ್ತುಕೊಂಡಿತ್ತು.

ಆಗ ಅವಳಿಗೆ ಮದುವೆಯಾಗಿ ಎರಡೋ ಮೂರೋ ವರ್ಷ. ಯಜಮಾನರಿಗೆ ಬೀದಿಯ ಕೊನೆಯಲ್ಲಿ, ಒಂದು ಕಟ್ಟಡದ ಮೆಟ್ಟಿಲಿನ ಅಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಒಳಗೆ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು. ಕಾದ ಬೆಸುಗೆ ಕಡ್ಡಿಯ ವಾಸನೆ, ಡಬ್ಬಿ ಮುಚ್ಚಳಗಳಲ್ಲಿ ವಿಂಗಡಿಸಿಟ್ಟ ಸ್ಕ್ರೂಗಳು, ಹೊಟ್ಟೆ ಬಿಚ್ಚಿಕೊಂಡು ಮಲಗಿದ ಊರವರ ರೇಡಿಯೋಗಳು. ಅಷ್ಟು ರೇಡಿಯೋಗಳ ನಡುವೆ ಕೂತ ಮನುಷ್ಯನ ಮನೆಯಲ್ಲಿ ಮಾತ್ರ ಒಂದೂ ಇರಲಿಲ್ಲ. ಹೇಳಿ ಹೇಳಿ ಸಾಕಾಗಿ, ಟೈಲರಮ್ಮ ಒಂದಿಡೀ ಶಾಲೆಯ ಸಮವಸ್ತ್ರ ಹೊಲಿದು, ತನ್ನ ದುಡಿಮೆಯಲ್ಲೇ ಒಂದು ರೇಡಿಯೋ ಕೊಂಡು ತಂದಳು. ಮರದ ಪೆಟ್ಟಿಗೆ, ಹಾಕಿದರೆ ಹಳದಿ ದೀಪ ಹತ್ತುವ ಗಾಜಿನ ಪಟ್ಟಿ. ಅದನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಳು.

ಗುರುವಾರ ಸಂಜೆ 'ಮಹಡಿಯ ಬಾಡಿಗೆದಾರ' ಎಂಬ ಧಾರಾವಾಹಿ ಬರುತ್ತಿತ್ತು. ಯಂತ್ರ ತುಳಿದರೆ ಮಾತು ಕೇಳುವುದಿಲ್ಲವೆಂದು ಅವಳು ವಾರದ ಕಾಜಾ ಕೆಲಸವನ್ನೆಲ್ಲ ಗುರುವಾರಕ್ಕೆ ಕೂಡಿಡುತ್ತಿದ್ದಳು. ಕೈ ಸೂಜಿಗೆ ಸದ್ದಿಲ್ಲ. ಕಥೆಯಲ್ಲಿ ಒಬ್ಬ ಹೆಂಗಸು ಒಂದು ಹಳೆಯ ಮನೆಯಲ್ಲಿ ಒಂಟಿಯಾಗಿರುತ್ತಾಳೆ. ಅವಳ ಅಣ್ಣ ಚಿಕ್ಕಂದಿನಲ್ಲೇ ಜಗಳವಾಡಿ ಮನೆ ಬಿಟ್ಟು ಹೋದವನು. ಮಹಡಿಯ ಕೋಣೆಗೆ ಒಬ್ಬ ಬಾಡಿಗೆದಾರ ಬರುತ್ತಾನೆ. ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಯಾವ ಕಿಟಕಿ ಮುಚ್ಚುವುದಿಲ್ಲ ಎಂಬುದೆಲ್ಲ ಯಾರೂ ಹೇಳದೆ ಅವನಿಗೆ ಗೊತ್ತು. ಅವನು ಅಣ್ಣನೋ, ಅಣ್ಣನಿಂದ ಎಲ್ಲ ತಿಳಿದುಕೊಂಡು ಮನೆ ಹೊಡೆದುಕೊಳ್ಳಲು ಬಂದ ಮೋಸಗಾರನೋ? ಆ ನಾಯಕಿ ಅಳುಬುರುಕಿಯಲ್ಲ. ಸಿಟ್ಟು ಬಂದರೆ ಪಾತ್ರೆ ಎಸೆಯುವವಳು. ಟೈಲರಮ್ಮನಿಗೆ ಅವಳು ಒಡಹುಟ್ಟಿದವಳ ಹಾಗೆ ಆಗಿಬಿಟ್ಟಿದ್ದಳು. ಕೊನೆಯ ಕಂತಿನ ಹಿಂದಿನ ವಾರ ನಾಯಕಿ ಮೆಟ್ಟಿಲಿನ ಬುಡದಲ್ಲಿ ಬೀಗದ ಕೈ ಹಿಡಿದು ನಿಂತಿದ್ದಾಳೆ, ಹೊರಗೆ ಜನ ಬಂದಿದ್ದಾರೆ, ಮೇಲಿನಿಂದ ಅವನು "ಬಾಗಿಲು ತೆಗೀಬೇಡ" ಎನ್ನುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದರು.

ಮುಂದಿನ ಗುರುವಾರ ಟೈಲರಮ್ಮ ಸಮವಸ್ತ್ರದ ಗಂಟನ್ನು ಶಾಲೆಗೆ ಹೊತ್ತು ಕೊಟ್ಟು ಬಂದಳು, ಸಂಜೆಯ ಅಡುಗೆಯನ್ನು ಮಧ್ಯಾಹ್ನವೇ ಮಾಡಿಟ್ಟಳು. ಅಂಗಿಗಳನ್ನು ಮಡಿಲಿಗೆ ಹಾಕಿಕೊಂಡು, ಸೂಜಿಗೆ ದಾರ ಪೋಣಿಸಿ, ರೇಡಿಯೋ ತಿರುವಿದಳು. ಹಳದಿ ದೀಪ ಹತ್ತಿತು. ದನಿ ಬರಲಿಲ್ಲ. ತಿರುವಿದಳು, ತಟ್ಟಿದಳು, ಬೈದಳು, ಪೆಟ್ಟಿಗೆಗೆ ಕಿವಿ ಹಚ್ಚಿದಳು. ಅಂಗಡಿಗೆ ಓಡಿದರೆ ಬಾಗಿಲಿಗೆ ಬೀಗ. ಪಕ್ಕದ ಮನೆಗೆ ಹೋಗೋಣವೆಂದರೆ ಕೋಳಿಯ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟಿದ್ದಳು. ಹಾಳಾಗಿ ಹೋಗಲಿ ಈ ಸ್ವಾಭಿಮಾನ ಎಂದು ಅವರ ಬಾಗಿಲು ತಟ್ಟುವ ಹೊತ್ತಿಗೆ ಒಳಗಿನಿಂದ ಮುಗಿತಾಯದ ಪಿಟೀಲು ಕೇಳಿಸಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯಜಮಾನರು ಬಂದು ಪೆಟ್ಟಿಗೆಯ ಬೆನ್ನು ಬಿಚ್ಚಿದರು. ಒಳಗಿಂದ ಸ್ಪೀಕರ್ ತೆಗೆದು ಮುಂದೆ ಹಿಡಿದರು. ಅದರ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ಕಾಗದದ ಬಟ್ಟಲು, ಚಿಂದಿ ಚಿಂದಿಯಾಗಿತ್ತು.

"ಇಲಿ ಕಣೇ. ನೋಡು, ಹೇಗೆ ಕಡಿದು ಹಾಕಿದೆ."

ಹೊಸ ಸ್ಪೀಕರ್ ಬರಲು ವಾರಗಳೇ ಆದವು. ಆಕಾಶವಾಣಿಯವರು ಆ ಕಂತನ್ನು ಮತ್ತೆ ಹಾಕಲಿಲ್ಲ. ಕೇಳಿದವರನ್ನು ಕೇಳಿದರೆ, ಒಲೆಯ ಮುಂದೆ ಅರ್ಧಂಬರ್ಧ ಕೇಳಿಸಿಕೊಂಡವರು. ಒಬ್ಬಳು ಅವನು ಅಣ್ಣನೇ ಅಂದಳು, ಇನ್ನೊಬ್ಬಳು ಛೇ ಅಲ್ಲವೇ ಅಲ್ಲ ಅಂದಳು, ಮೂರನೆಯವಳು ಮನೆಗೆ ಬೆಂಕಿ ಬಿತ್ತು ಅಂದಳು. ಟೈಲರಮ್ಮ ಮೂವರನ್ನೂ ಬೈದಳು. ಆಮೇಲೆ ತಾನೇ ಕೊನೆಗಳನ್ನು ಕಟ್ಟತೊಡಗಿದಳು. ಬಾಣಂತನದಲ್ಲಿ ಒಂದು, ಮಗ ಶಾಲೆಗೆ ಸೇರಿದಾಗ ಒಂದು, ಜ್ವರ ಬಂದು ಮಲಗಿದ್ದಾಗ ಮೂರೋ ನಾಲ್ಕೋ. ಪ್ರತಿಯೊಂದನ್ನೂ ಊಟಕ್ಕೆ ಕೂತ ಯಜಮಾನರಿಗೆ ಹೇಳುತ್ತಿದ್ದಳು.

"ಹೀಗೇ ಆಗಿರಬೇಕು ಅಲ್ವಾ ರೀ?"

"ಇರಬಹುದು. ನನಗೇನು ಗೊತ್ತೇ, ನಾನೇನು ಕೇಳಿದವನಾ?" ಎಂದು ಅವರು ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದರು.

ವರ್ಷಗಳು ಹೋದವು. ಟಿ.ವಿ. ಬಂದು ರೇಡಿಯೋಗಳು ಅಟ್ಟ ಹತ್ತಿದವು. ಯಜಮಾನರು ಮಿಕ್ಸಿ ರಿಪೇರಿ ಮಾಡಿದರು, ಆಮೇಲೆ ಫೋನಿನ ಚಾರ್ಜರ್ ಮಾರಿದರು, ಕೊನೆಗೆ ಬಾಗಿಲು ಹಾಕಿ ಮನೆಗೆ ಬಂದು ಕೂತರು. ಮಗನಿಗೆ ನೀರಿನ ಪಂಪ್ ಹೌಸಿನಲ್ಲಿ ಸಂಜೆಯ ಪಾಳಿ ಸಿಕ್ಕಿತು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಸೊಸೆಯಾಗಿ ಬಂದಳು. ಟೈಲರಮ್ಮನ ಯಂತ್ರ ಮಾತ್ರ ಇದ್ದಲ್ಲೇ ಇತ್ತು, ಅವಳ ಕೋಪವೂ.

ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಫೋನು ಚಾಚಿದಳು.

"ಅತ್ತೆ, ನೀವು ಯಾವಾಗ್ಲೂ ಹೇಳ್ತಿರ್ತೀರಲ್ಲ ಆ ಮಹಡಿ ಕಥೆ, ಇದೇನಾ ನೋಡಿ."

ಫೋನಿನಿಂದ ಪಿಟೀಲು ಬಂತು, ಅದರ ಹಿಂದೆಯೇ ಮೆಟ್ಟಿಲು ಹತ್ತುವ ಹೆಜ್ಜೆ. ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಬೇರೆಯವರಾಗಿದ್ದರೆ ಕಣ್ಣೀರು ಹಾಕುತ್ತಿದ್ದರು. ಇವಳಿಗೆ ಮೊದಲು ಬಂದದ್ದು ಸಿಟ್ಟು.

"ಇಷ್ಟು ವರ್ಷ ಎಲ್ಲಿ ಸತ್ತಿತ್ತು ಇದು?"

"ಯಾರೋ ಹಳೇ ರೇಡಿಯೋ ನಾಟಕಗಳನ್ನೆಲ್ಲ ಹುಡುಕಿ ಹುಡುಕಿ ಹಾಕಿದಾರೆ ಅತ್ತೆ. ತುಂಬಾ ಜನ ಕೇಳ್ತಿದಾರೆ. ನಮ್ಮ ಅಂಗಡಿ ಹುಡುಗೀರೂ ಬಸ್ಸಲ್ಲಿ ಕೇಳ್ತಾರೆ. ಪೂರ್ತಿ ಇದೆ. ಕೊನೇದು ಈಗಲೇ ಹಾಕ್ಲಾ?"

"ಕೈ ತೆಗಿ. ಮುಟ್ಟಬೇಡ." ಟೈಲರಮ್ಮ ಫೋನಿನ ಮೇಲೆ ಅಂಗೈ ಮುಚ್ಚಿದಳು. "ಮೊದಲಿಂದ ಕೇಳ್ತೀನಿ. ಗುರುವಾರಕ್ಕೊಂದು."

"ಅಷ್ಟು ನಿಧಾನ ಯಾಕೆ? ಬೇಕಾದ್ರೆ ಎರಡರಷ್ಟು ವೇಗದಲ್ಲಿ ಓಡಿಸಬಹುದು, ಬೇಗ ಮುಗಿಯುತ್ತೆ."

"ನಿಮ್ಮ ಅಂಗಡೀಲಿ ಹತ್ತು ದಿನದ ಮಾತ್ರೆ ಒಂದೇ ಸಲ ನುಂಗಿ ಅಂತ ಕೊಡ್ತೀರಾ?" ಎಂದಳು ಟೈಲರಮ್ಮ. ಸೊಸೆ ಚಪ್ಪಲಿ ಬಿಡಲು ಹೊರಗೆ ಹೋದಳು.

ಹೀಗೆ ಗುರುವಾರಗಳು ಮರಳಿ ಬಂದವು. ಫೋನಿನ ದನಿ ಡಬ್ಬಿಯೊಳಗೆ ಸೊಳ್ಳೆ ಕೂಡಿಹಾಕಿದ ಹಾಗಿದೆ ಎಂದು ಟೈಲರಮ್ಮ ಬೈದದ್ದೇ ತಡ, ಯಜಮಾನರು ಅಟ್ಟದಿಂದ ಹಳೆಯ ಮರದ ಪೆಟ್ಟಿಗೆಯನ್ನು ಇಳಿಸಿ, ಧೂಳು ಒರೆಸಿ, ಅದೇನೋ ಬೆಸುಗೆ ಹಾಕಿ, ಫೋನಿನ ದನಿ ಆ ಪೆಟ್ಟಿಗೆಯಿಂದಲೇ ಬರುವಂತೆ ಮಾಡಿಕೊಟ್ಟರು. ಅಂದು ಟೈಲರಮ್ಮ ಅವರಿಗೆ ಎರಡನೆಯ ಸಲ ಕಾಫಿ ಕೊಟ್ಟಳು. ಅವಳ ಲೆಕ್ಕದಲ್ಲಿ ಅದು ಸನ್ಮಾನ.

ಕೇಳುವ ಸುಖವೆಂದರೆ ಅವಳು ಮರೆತೇಬಿಟ್ಟಿದ್ದ ಸುಖ. ನಾಯಕಿಯ ದನಿ ಒಂದಿಷ್ಟೂ ಮುಪ್ಪಾಗಿರಲಿಲ್ಲ. ಅವಳು ಪಾತ್ರೆ ಎಸೆದಾಗ ಟೈಲರಮ್ಮ "ಹಾಕು ಇನ್ನೊಂದು" ಎನ್ನುತ್ತಿದ್ದಳು. ನಡುವೆ ಬನಿಯನ್ನಿನ ಜಾಹೀರಾತು ನುಗ್ಗಿದರೆ ಆ ಬನಿಯನ್ನಿನ ವಂಶವನ್ನೇ ಜಾಲಾಡುತ್ತಿದ್ದಳು. ಅಷ್ಟು ನಿಧಾನ ಯಾಕೆ ಎಂದಿದ್ದ ಸೊಸೆಯೂ ಎರಡನೆಯ ವಾರದಿಂದ ಸೊಪ್ಪು ಬಿಡಿಸಿಕೊಂಡು ಪಕ್ಕದಲ್ಲಿ ಕೂರತೊಡಗಿದಳು, ಮೂರನೆಯ ವಾರ "ಅತ್ತೆ, ಅವನು ಕಳ್ಳನೇ" ಎಂದು ವಾದಕ್ಕೂ ಇಳಿದಳು. ಯಜಮಾನರು ಮಾತ್ರ ಕಥೆಗೆ ಕಿವಿ ಕೊಟ್ಟವರಲ್ಲ. ಮೈಕು ದೂರ ಇಟ್ಟಿದ್ದಾರೆ, ಈ ಮಳೆ ಮಳೆಯಲ್ಲ ಮರಳು ಸುರಿದದ್ದು, ಗಂಟಲು ಸರಿಪಡಿಸಿಕೊಂಡದ್ದನ್ನು ಕತ್ತರಿಸಿಲ್ಲ ಎಂದು ಸದ್ದಿನಲ್ಲೇ ತಪ್ಪು ಹೆಕ್ಕುತ್ತಿದ್ದರು. ವೃತ್ತಿ ಬಿಟ್ಟರೂ ಕಿವಿ ಬಿಡಬೇಕಲ್ಲ. "ಬಾಯಿ ಮುಚ್ಚಿಕೊಂಡು ಕೇಳಿ" ಎಂದು ಅವಳು, "ಕೇಳ್ತಾನೇ ಇದೀನಲ್ಲೇ" ಎಂದು ಅವರು.

ಕೊನೆಯ ಕಂತಿನ ಗುರುವಾರ ಬಂತು. ಹೊಲಿಸಲು ಬಂದವರನ್ನು ಟೈಲರಮ್ಮ "ನಾಳೆ ಬನ್ನಿ, ಇವತ್ತು ನಾನು ಸತ್ತಿದೀನಿ ಅಂದ್ಕೊಳ್ಳಿ" ಎಂದು ಕಳಿಸಿದಳು. ಮಡಿಲಲ್ಲಿ ಅಂಗಿಗಳಿದ್ದವು, ಸೂಜಿ ಕೈಯಲ್ಲಿತ್ತು, ಒಂದು ಹೊಲಿಗೆಯೂ ಬೀಳಲಿಲ್ಲ. ಪಿಟೀಲು ಮುಗಿಯಿತು. ಮೆಟ್ಟಿಲ ಬುಡದಲ್ಲಿ ನಾಯಕಿಯ ಉಸಿರು. ಹೊರಗೆ ಜನರ ಗದ್ದಲ.

ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಾಗಿ ಸೊಸೆಗೆ ಹೇಳಿದರು: "ವಾಲ್ಯೂಮ್ ಸ್ವಲ್ಪ ಇಳಿಸಮ್ಮ. ಈಗ ಬಾಗಿಲಿಗೆ ಒದೀತಾರೆ, ಮೂರು ಸಲ. ಮೂರನೇದಕ್ಕೆ ಸ್ಪೀಕರ್ ಕರಕರ ಅನ್ನುತ್ತೆ."

ಧಡ್. ಧಡ್. ಮೂರನೆಯದು ಮನೆಯ ಕಿಟಕಿ ಅದುರುವಷ್ಟು ಜೋರು.

ಟೈಲರಮ್ಮ ಕೈ ಚಾಚಿ ಫೋನು ನಿಲ್ಲಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದು ಏನೆಂದು ಯಜಮಾನರಿಗೆ ಇನ್ನೂ ಗೊತ್ತಾಗಿರಲಿಲ್ಲ.

"ರೀ, ನಿಮಗೆ ಹೇಗೆ ಗೊತ್ತು?"

"ಏನು?"

"ಮೂರು ಸಲ ಒದೀತಾರೆ ಅಂತ."

"ಊಹೆ ಕಣೇ. ನಾಟಕ ಅಂದ್ಮೇಲೆ ಬಾಗಿಲು ಬಡೀತಾರಪ್ಪ."

"ಬಡಿಯೋದು ಅನ್ನಲಿಲ್ಲ, ಒದೆಯೋದು ಅಂದ್ರಿ. ವಾಲ್ಯೂಮ್ ಇಳಿಸು ಅಂದ್ರಿ. ಇದು ಕೊನೇ ಕಂತು. ನೀವು ಕೇಳಿಲ್ಲ, ನಾನೂ ಕೇಳಿಲ್ಲ."

"ಸ್ಪೀಕರ್ ಇಲಿ ಕಡಿದಿತ್ತಲ್ಲ ಅವತ್ತು" ಎಂದರು ಯಜಮಾನರು. ಸ್ಪೀಕರಿನ ಮಾತು ಅವಳು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸೊಸೆ ಸೊಪ್ಪಿನ ತಟ್ಟೆ ಎತ್ತಿಕೊಂಡು ಮೆಲ್ಲಗೆ ಏಳಲು ನೋಡಿದಳು. "ನೀನು ಕೂತ್ಕೋ" ಎಂದಳು ಟೈಲರಮ್ಮ, ಗಂಡನ ಮುಖದಿಂದ ಕಣ್ಣು ತೆಗೆಯದೆ.

ಆಮೇಲೆ ನಿಜ ಹೊರಗೆ ಬಂತು, ಹಳೆಯ ಹೊಲಿಗೆ ಬಿಚ್ಚಿದ ಹಾಗೆ ತುಂಡು ತುಂಡಾಗಿ. ಗಿರಣಿ ಮಾಲೀಕರ ಮನೆಯ ರೇಡಿಯೋವನ್ನು ಇಲಿ ಕಡಿದಿತ್ತು. ಇವಳ ರೇಡಿಯೋವನ್ನು ಯಾವ ಇಲಿಯೂ ಮೂಸಿರಲಿಲ್ಲ. ಅವಳು ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ ಈ ಮಹಾಶಯ ಮನೆಗೆ ಬಂದು, ಅವಳ ಪೆಟ್ಟಿಗೆಯಿಂದ ಒಳ್ಳೆಯ ಸ್ಪೀಕರ್ ಕಿತ್ತು, ಅವರ ಹರಕು ಸ್ಪೀಕರನ್ನು ಇಲ್ಲಿಟ್ಟು ಹೋಗಿದ್ದ. ಇಲ್ಲಿಂದ ಮುಂದೆ ಈ ಮನುಷ್ಯನಿಗೆ ಬಹುವಚನ ಸಿಗುವುದಿಲ್ಲ.

"ಅವರ ತಾಯಿ ಮೇಲಿಂದ ಮೇಲೆ ಆಳು ಕಳಿಸ್ತಿದ್ರು. ಗುರುವಾರ ಸಂಜೆಯೊಳಗೆ ಅಂತ ಮಾತು ಕೊಟ್ಟುಬಿಟ್ಟಿದ್ದೆ. ಸ್ಪೀಕರ್ ಎಲ್ಲೂ ಸಿಗಲಿಲ್ಲ."

"ನಮ್ಮನೇಲಿ ಸಿಕ್ತು."

"ಹೊಸದು ಬಂದ ತಕ್ಷಣ ಹಾಕಿಕೊಡೋಣ ಅಂತಿದ್ದೆ ಕಣೇ."

"ಅವತ್ತು ಕೊನೇ ಕಂತು ಅಂತ ಗೊತ್ತಿತ್ತಾ?"

ಅವನು ಅಂಗೈಗಳನ್ನು ನೋಡಿಕೊಂಡ. "ಗೊತ್ತಿತ್ತು. ಅದಕ್ಕೇ ಅಲ್ವಾ ಅವರಿಗೂ ಅಷ್ಟು ಅವಸರ."

ಮನೆಗೆ ಮಾರಿ, ಊರಿಗೆ ಉಪಕಾರಿ. ಟೈಲರಮ್ಮ ಎದ್ದು ನಿಂತಳು. ಮಡಿಲಿನ ಅಂಗಿಗಳು ನೆಲಕ್ಕೆ ಬಿದ್ದವು.

"ನಾನು ದುಡಿದು ತಂದ ರೇಡಿಯೋ. ನನ್ನ ಸ್ಪೀಕರ್. ಯಾರದೋ ಮನೆ ಹೆಂಗಸರು ಸೋಫಾ ಮೇಲೆ ಕೂತು ಕೇಳಿದ್ರು. ನಾನು ಮೂಕ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತಿದ್ದೆ. ನೀವು ಅವರ ಮನೇಲಿ ಏನ್ಮಾಡ್ತಿದ್ರಿ?"

"ಮುಗಿಯೋವರೆಗೂ ಇರು ಅಂದ್ರು. ಮಧ್ಯದಲ್ಲಿ ಕೆಟ್ಟರೆ ಅಂತ."

"ಮುಗಿಯೋವರೆಗೂ ಇದ್ರಿ." ಅವಳ ದನಿ ಈಗ ಏರಲಿಲ್ಲ, ಇಳಿಯಿತು. ಅದು ಹೆಚ್ಚು ಅಪಾಯವೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. "ಪೂರ್ತಿ ಕೇಳಿಕೊಂಡು ಬಂದ್ರಿ. ಬಂದು ಇಲಿ ಅಂದ್ರಿ. ನಲವತ್ತು ವರ್ಷ ನಾನು ಊಟಕ್ಕೆ ಬಡಿಸ್ತಾ ಬಡಿಸ್ತಾ ಹೀಗಾಯ್ತೇನೋ ಹಾಗಾಯ್ತೇನೋ ಅಂತ ಕೇಳ್ತಿದ್ರೆ, ನನಗೇನು ಗೊತ್ತು ಅಂತ ಅನ್ನ ಕಲಸ್ಕೊಂಡು ತಿಂದ್ರಿ. ಎಷ್ಟು ಇಲಿ ಕೊಂದೆ ನಾನು. ಪಾಪದ ಪ್ರಾಣಿಗಳು."

"ಅಲ್ಲಿದ್ದೆ ಅಂತ ಹೇಳಿದ್ರೆ ಇಲಿ ಸುಳ್ಳು ಹೊರಗೆ ಬರ್ತಿತ್ತು. ಮೊದಲು ನಿನ್ನ ಕೋಪಕ್ಕೆ ಹೆದರಿದೆ. ಆಮೇಲೆ ತಡವಾಗಿ ಹೋಯ್ತು."

"ನನ್ನ ಕೋಪದ ಮೇಲೆ ಹಾಕಬೇಡಿ." ಅವಳು ಫೋನನ್ನು ಸೊಸೆಯ ಕೈಗೆ ತುರುಕಿದಳು. "ಇದು ಬೇಡ ನನಗೆ. ನೀವೇ ಹೇಳಿ. ಇಷ್ಟು ವರ್ಷ ಇಟ್ಕೊಂಡಿದೀರಲ್ಲ, ಈಗ ಹೇಳಿ. ಕೊನೆಗೆ ಏನಾಯ್ತು?"

"ಗೊತ್ತಿಲ್ಲ" ಎಂದ.

"ಮರೆತ್ರಾ?"

"ಮರೆಯಕ್ಕೆ ಕೇಳಿದ್ರೆ ತಾನೇ. ನಿನ್ನ ಸ್ಪೀಕರ್ ಅವರ ಪೆಟ್ಟಿಗೆಗೆ ಅಳತೆ ಕೂಡಲಿಲ್ಲ. ಎರಡೇ ಸ್ಕ್ರೂ ಹಾಕಿ ನಿಲ್ಲಿಸಿದ್ದೆ. ಬಾಗಿಲಿಗೆ ಒದ್ದಾಗ ಕರಕರ ಅಂತು, ಆ ಮನೆಯವರೆಲ್ಲ ತಿರುಗಿ ನನ್ನ ನೋಡಿದ್ರು. ಮಾನ ಹೋದ ಹಾಗಾಯ್ತು. ಆಮೇಲೆ ಎಲ್ಲಿ ಮತ್ತೆ ಕರಕರ ಅನ್ನುತ್ತೋ ಅಂತ ಬರೀ ಅದನ್ನೇ ಕೇಳ್ತಾ ಕೂತೆ. ಕಥೆ ಒಂದು ಮಾತೂ ಕಿವಿಗೆ ಬೀಳಲಿಲ್ಲ ಕಣೇ."

ಇದು ಸುಳ್ಳಲ್ಲವೆಂದು ಟೈಲರಮ್ಮನಿಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಕದ್ದವನು ತಿಂದಿದ್ದರೂ ಒಂದು ಸಮಾಧಾನವಿರುತ್ತಿತ್ತು. ಇವನು ಕದ್ದು ತಂದು ಚರಂಡಿಗೆ ಸುರಿದಿದ್ದ. ಕತ್ತರಿ ಅತ್ತೆಗೆ ಎಟುಕುವಷ್ಟು ದೂರದಲ್ಲೇ ಇದ್ದದ್ದನ್ನು ಕಂಡು ಸೊಸೆ ಅದನ್ನು ಮೆತ್ತಗೆ ಸೊಪ್ಪಿನ ಕೆಳಗೆ ಸರಿಸಿದಳು.

"ಏಳಿ. ಹೊರಗೆ ಹೋಗಿ."

ಅವನು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತ. ಟೈಲರಮ್ಮ ಬಾಗಿಲಿಗೆ ಅಗುಳಿ ಹಾಕಿ, ಕಿಟಕಿಯನ್ನೂ ಮುಚ್ಚಿ, "ಮೊದಲಿಂದ ಹಾಕು" ಎಂದಳು.

ಕಥೆ ಹೇಗೆ ಮುಗಿಯಿತೆಂದು ಇಲ್ಲಿ ಹೇಳುವ ಹಾಗಿಲ್ಲ, ಅವಳ ಅಪ್ಪಣೆಯಿಲ್ಲ. ಅವಳು ಕಟ್ಟಿದ್ದ ಅಷ್ಟೊಂದು ಕೊನೆಗಳಲ್ಲಿ ಒಂದೂ ಅದಾಗಿರಲಿಲ್ಲ ಎಂಬುದಷ್ಟನ್ನು ಹೇಳಬಹುದು. ಕೊನೆಯಲ್ಲಿ ನಾಯಕಿ ಆಡುವ ಒಂದೇ ಒಂದು ಮಾತಿಗೆ ಸೊಸೆ ಬಾಯಿಗೆ ಕೈ ಹಿಡಿದಳು. ಟೈಲರಮ್ಮ ಅತ್ತಳು, ಹಲ್ಲು ಕಚ್ಚಿಕೊಂಡು ಅತ್ತಳು. ಕಥೆ ಕೆಟ್ಟದಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆ ಮಾತನ್ನು ಅವಳು ಹೊಸದಾಗಿ ಸಂಸಾರ ಹೂಡಿದಾಗ, ಹೊರಗಿನವರನ್ನು ಬೈದರೂ ಗಂಡನಿಗೆ ಎದುರು ಮಾತಾಡಲು ಬಾರದೆ ಪೆಡಲಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಕೇಳಬೇಕಿತ್ತು. ಆಗ ಅದು ಉಪಯೋಗಕ್ಕೆ ಬರುತ್ತಿತ್ತು. ಈಗ ಬರೀ ಚಂದವಾಗಿತ್ತು.

ಅಗುಳಿ ತೆಗೆದಾಗ ಅವನು ಇನ್ನೂ ಮೆಟ್ಟಿಲ ಮೇಲೇ ಇದ್ದ.

"ನೀನು ಅಳ್ತಿದ್ದೆ" ಎಂದ. "ಏನಾಯ್ತು ಕೊನೆಗೆ?"

ಅವಳು ಒಳಗೆ ತಿರುಗಿದಳು. ಊಟಕ್ಕೆ ಬಡಿಸಿದಳು, ಪಾತ್ರೆ ತೊಳೆದಳು, ಮಲಗಿದಳು. ಮರುದಿನವೂ ಹೇಳಲಿಲ್ಲ. ಸೊಸೆಯನ್ನು ಕೇಳಿದರೆ, "ಅತ್ತೆ ಬೇಡ ಅಂದಿದಾರೆ ಮಾವ, ನನಗೆ ಜೀವದ ಮೇಲೆ ಆಸೆ ಇದೆ" ಎಂದಳು. ಫೋನು ಇಸಿದುಕೊಂಡು ತಾನೇ ಹುಡುಕಿದ. ಎಂಥ ರೇಡಿಯೋದ ಹೊಟ್ಟೆಯಲ್ಲಾದರೂ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದವನಿಗೆ ಆ ಗಾಜಿನ ಮೇಲೆ ಎಲ್ಲಿ ಒತ್ತಿದರೂ ಬನಿಯನ್ನಿನ ಜಾಹೀರಾತೇ ಬಂತು. ಅಷ್ಟು ಹೊತ್ತಿಗೆ ಸೊಸೆ ಅದನ್ನು ಕಸಿದುಕೊಂಡಳು.

ವಾರಗಳು ಕಳೆದವು. ಟೈಲರಮ್ಮ ಬೋನುಗಳನ್ನೆಲ್ಲ ಗುಜರಿಗೆ ಹಾಕಿದಳು. ಅವನು ಬೇರೆ ನಾಟಕಗಳನ್ನು ಹೆಂಗಸರ ಜೊತೆ ಕೂತು ಕೇಳುತ್ತಿದ್ದ, ಮೈಕು ಎಲ್ಲಿದೆ ಎಂದು ಈಗ ಹೇಳುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ, "ಅವನು ಅಣ್ಣನೇ ಇರಬೇಕು, ಇಲ್ಲದಿದ್ರೆ ಬಾಗಿಲು ತೆಗೀಬೇಡ ಅಂತ ಯಾಕೆ ಹೇಳ್ತಿದ್ದ?" ಎನ್ನುತ್ತಿದ್ದ. ಟೈಲರಮ್ಮ ಕಾಜಾ ಹಾಕುತ್ತಲೇ ಇರುತ್ತಿದ್ದಳು.

ಒಂದು ಮಧ್ಯಾಹ್ನ ಸ್ಟೂಲು ಎಳೆದುಕೊಂಡು ಅವಳ ಎದುರೇ ಬಂದು ಕೂತ.

"ತಪ್ಪಾಯ್ತು ಕಣೇ. ನಿದ್ದೆ ಬರಲ್ಲ ನನಗೆ. ಹೇಳಿಬಿಡು, ಏನಾಯ್ತು?"

"ನಲವತ್ತು ವರ್ಷ ಆಗ್ಲಿ, ಹೇಳ್ತೀನಿ."

"ಅಷ್ಟು ವರ್ಷ ನಾನು ಇರ್ತೀನೇನೇ?"

ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಇರಬೇಕು" ಎಂದಳು. "ಅಷ್ಟು ಸುಲಭಕ್ಕೆ ಬಿಟ್ಟುಬಿಡ್ತೀನಿ ಅಂದ್ಕೊಂಡ್ರಾ?"